ಬರ್ಗರ್ ಗಂಡಸರ ಊಟವೇ?

ಓದುಗರೊಬ್ಬರು ಬರೆದಿದ್ದಾರೆ: "ನನ್ನ ಮಗ ಅಮೆರಿಕದಲ್ಲಿದ್ದಾನೆ. ಸ್ನೇಹಿತರ ಮನೆಯ ಹಿತ್ತಿಲಲ್ಲಿ ಗ್ರಿಲ್ ಹಚ್ಚಿದ್ದರಂತೆ. ಇವನು ಬರ್ಗರ್‌ನ ಬನ್ ನಡುವೆ ಇಡಲು ಬೀನ್ಸ್ ಪ್ಯಾಟಿ, ಅಂದರೆ ಬೀನ್ಸಿನ ವಡೆ ಕೇಳಿದ. 'ಗಂಡಸಾದವನು ಬೀಫ್ ಬರ್ಗರ್ ತಿನ್ನಬೇಕು' ಅಂತ ನಕ್ಕರಂತೆ. ಬರ್ಗರ್ ಮೊದಲಿನಿಂದಲೂ ಗಂಡಸರ ಊಟವೇ?"

ಪತ್ರ ಓದಿ ಬೇಜಾರಾಯಿತು. ಮೊದಲಿನಿಂದಲೂ ಹಾಗೇನಿರಲಿಲ್ಲ ಅಂತ ನಿಮ್ಮ ಮಗನಿಗೆ ಧೈರ್ಯವಾಗಿ ಹೇಳಿ.

ನೂರು ವರ್ಷದ ಹಿಂದೆ ಅಮೆರಿಕದಲ್ಲಿ ಕೊಚ್ಚಿದ ಮಾಂಸ ಅಂದರೆ ಜನ ಹೆದರುತ್ತಿದ್ದರು. 1906ರಲ್ಲಿ ಅಪ್ಟನ್ ಸಿಂಕ್ಲೇರ್ ಅವರ ಕಾದಂಬರಿ ಶಿಕಾಗೋದ ಮಾಂಸದ ಕಾರ್ಖಾನೆಗಳ ಕೊಳಕನ್ನು ಬಯಲು ಮಾಡಿತ್ತು. 1921ರಲ್ಲಿ ಕಾನ್ಸಾಸ್‌ನ ವಿಚಿಟಾದಲ್ಲಿ ಶುರುವಾದ ವೈಟ್ ಕ್ಯಾಸಲ್ ಎಂಬ ಬರ್ಗರ್ ಕಂಪನಿ ಆ ಹೆದರಿಕೆ ಹೋಗಿಸಲೆಂದೇ ಅಂಗಡಿಗೆ ಬಿಳಿ ಬಣ್ಣ ಬಳಿದು, ಗಿರಾಕಿಯ ಕಣ್ಣೆದುರೇ ಬರ್ಗರ್ ಬೇಯಿಸಿತು. ಒಂದಕ್ಕೆ 5 ಸೆಂಟ್. ಮೊದಲ ಗಿರಾಕಿಗಳಲ್ಲಿ ದುಡಿಯುವ ಗಂಡಸರೇ ಜಾಸ್ತಿ, ನಿಜ. ಅದಕ್ಕೆ ಕಾರಣ ತೋಳ್ಬಲವಲ್ಲ. ಜೇಬಿನಲ್ಲಿದ್ದ ಚಿಲ್ಲರೆ, ಕೈಯಲ್ಲಿದ್ದ ಸ್ವಲ್ಪ ಹೊತ್ತು, ಅಷ್ಟೇ.

ಆ ಕಂಪನಿಗೆ ಹೆಂಗಸರೂ ಬೇಕಿತ್ತು. 1932ರಲ್ಲಿ ಎಲಾ ಲೂಯಿಸ್ ಆಗ್ನಿಯಲ್ ಎಂಬ ಮಹಿಳೆಯನ್ನು ಕೆಲಸಕ್ಕೆ ಇಟ್ಟುಕೊಂಡಿತು. ಅವರು 'ಜೂಲಿಯಾ ಜಾಯ್ಸ್' ಎಂಬ ಹೆಸರಿಟ್ಟುಕೊಂಡು, ಬರ್ಗರ್ ಚೀಲ ಹಿಡಿದು ಮಹಿಳಾ ಸಂಘಗಳಿಗೆ ಹೋಗುತ್ತಿದ್ದರು. ಗೃಹಿಣಿಯರನ್ನು ಕರೆತಂದು ಅಡುಗೆಮನೆ ತೋರಿಸುತ್ತಿದ್ದರು. ಇದು ಹುಟ್ಟಿನಿಂದಲೇ ಗಂಡಸರ ತಿಂಡಿಯಾಗಿದ್ದರೆ ಇಷ್ಟೆಲ್ಲ ಯಾಕೆ ಬೇಕಿತ್ತು?

1948ರಲ್ಲಿ ಮೆಕ್‌ಡೊನಾಲ್ಡ್ ಸಹೋದರರು ಸ್ಯಾನ್ ಬರ್ನಾರ್ಡಿನೋದ ತಮ್ಮ ಅಂಗಡಿಯಲ್ಲಿ, ಕಾರಿನ ಹತ್ತಿರ ತಿಂಡಿ ತಂದುಕೊಡುತ್ತಿದ್ದ ಹುಡುಗಿಯರನ್ನು ತೆಗೆದುಹಾಕಿದರು. ಅವರಿಗೋಸ್ಕರ ಬಂದು ಠಳಾಯಿಸುವ ಹುಡುಗರ ಗುಂಪು ಬೇಡ, ಸಂಸಾರಗಳು ಬರಲಿ ಎಂಬ ಲೆಕ್ಕ. ಆಮೇಲೆ ಆ ಅಂಗಡಿಯನ್ನು ದೊಡ್ಡ ಕಂಪನಿಯಾಗಿ ಬೆಳೆಸಿದ ರೇ ಕ್ರಾಕ್ 1960ರ ದಶಕದ ಕೊನೆಯವರೆಗೂ ಕೌಂಟರ್ ಹಿಂದೆ ಹೆಂಗಸರನ್ನು ನಿಲ್ಲಿಸಲಿಲ್ಲ. ಮನೆಯಲ್ಲಿ ಅಡುಗೆ ಹೆಂಗಸಿನ ಪಾಲು, ಸಂಬಳ ಬರುವ ಒಲೆ ಗಂಡಸಿನದು. ನನಗೆ ಇದು ಇವತ್ತಿಗೂ ಚುಚ್ಚುತ್ತದೆ.

ನಿಮ್ಮ ಮಗ ಕಂಡ ಹಿತ್ತಿಲ ಗ್ರಿಲ್ ಕೂಡ ಆ ಕಾಲದ್ದೇ. 1952ರಲ್ಲಿ ಜಾರ್ಜ್ ಸ್ಟೀಫನ್ ವೆಬರ್ ಕಂಪನಿಯ ಗುಂಡನೆಯ ಗ್ರಿಲ್ ಮಾಡಿದರು. ನಗರದಾಚೆಯ ಹೊಸ ಬಡಾವಣೆಗಳಲ್ಲಿ ಭಾನುವಾರ ಅಪ್ಪ ಏಪ್ರನ್ ಕಟ್ಟಿಕೊಂಡು ಬೆಂಕಿಯ ಮುಂದೆ ನಿಂತ. ವಾರವೆಲ್ಲ ಬೇಯಿಸಿದವಳಿಗೆ ಅವತ್ತೂ ಸಲಾಡ್ ಹೆಚ್ಚುವ, ಪಾತ್ರೆ ತೊಳೆಯುವ ಕೆಲಸ ತಪ್ಪಲಿಲ್ಲ. ಹೊಗಳಿಕೆ ಮಾತ್ರ ಅಪ್ಪನಿಗೆ.

ಮಗ ಕೇಳಿದಂಥ ಮಾತನ್ನು ಜೋರಾಗಿ ಹೇಳಿಕೊಟ್ಟಿದ್ದು ಜಾಹೀರಾತು. 2006ರಲ್ಲಿ ಬರ್ಗರ್ ಕಿಂಗ್ ಕಂಪನಿಯ ಜಾಹೀರಾತಿನಲ್ಲಿ ಗಂಡಸರು 'ಹೆಣ್ಣುಮಕ್ಕಳ ಊಟ' ಬೇಡವೆಂದು ಬೀದಿಗಿಳಿದು, ಒಂದು ಮಿನಿವ್ಯಾನನ್ನು ಸೇತುವೆಯಿಂದ ಕೆಳಗೆ ತಳ್ಳುತ್ತಾರೆ. ಅದಕ್ಕೆ ಬಳಸಿದ ರಾಗ ಯಾವುದು ಗೊತ್ತಾ? ಹೆಲೆನ್ ರೆಡ್ಡಿ ಹಾಡಿದ, 1972ರಲ್ಲಿ ಅಮೆರಿಕದ ಹೆಂಗಸರ ಹೋರಾಟದ ಹಾಡೇ ಆಗಿಹೋಗಿದ್ದ ಗೀತೆಯ ರಾಗ. ಅದನ್ನು ಕಿತ್ತುಕೊಂಡು ಮಾಂಸ ಮಾರಿದ್ದು ತಪ್ಪು ಅಂತಲೇ ನನ್ನ ಅಭಿಪ್ರಾಯ.

ಇನ್ನು ಬೀನ್ಸ್ ಪ್ಯಾಟಿಯ ವಿಷಯ. ಕಾರ್ಮಿಕರಿಗೆ 5 ಸೆಂಟಿಗೆ ಬರ್ಗರ್ ಮಾರಿದ ಅದೇ ವೈಟ್ ಕ್ಯಾಸಲ್, 2018ರಲ್ಲಿ ಮಾಂಸವೇ ಇಲ್ಲದ, ಸಸ್ಯದಿಂದ ಮಾಡಿದ ಪ್ಯಾಟಿಯ ಬರ್ಗರನ್ನು ತನ್ನ ಮೆನುವಿಗೆ ಸೇರಿಸಿತು. ಇದನ್ನು ಮಗನಿಗೆ ಫೋನಿನಲ್ಲಿ ಹೇಳಿ. ಅವನ ಸ್ನೇಹಿತರಿಗೂ ಗೊತ್ತಾಗಲಿ.