ಹಿಡಿಕೆ ಇರುವ ಈ ಕಬ್ಬಿಣದ ಗಾಲಿ ಏನು? ಮಾರಿದರೆ ಬೆಲೆ ಬರುತ್ತದಾ?

ನೀವು ಹೇಳಿರುವುದು ಇಷ್ಟು: ಹಳೆಯ ಪೆಟ್ಟಿಗೆಯಲ್ಲಿ ಅಂಗೈಗಿಂತ ದೊಡ್ಡದಾದ ಒಂದು ಕಬ್ಬಿಣದ ಗಾಲಿ ಸಿಕ್ಕಿದೆ. ಅದಕ್ಕೊಂದು ಹಿಡಿಕೆ ಇದೆ, ಗಾಲಿ ಸಲೀಸಾಗಿ ತಿರುಗುತ್ತದೆ. ಅಂಚು ಹರಿತವಾಗಿಲ್ಲ, ಹಲ್ಲಿಲ್ಲ, ಅಂಕಿಗಳೂ ಇಲ್ಲ. ಅಂಚಿನಲ್ಲಿ ಒಂದೇ ಒಂದು ಗೀರು ಇದೆ.

ಆ ಗೀರಿನಿಂದಲೇ ಗೊತ್ತಾಯಿತು. ಇದು ಮರದ ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವ ಕಮ್ಮಾರರ ಅಳತೆ ಗಾಲಿ. ಇಂಗ್ಲಿಷಿನಲ್ಲಿ ಟ್ರಾವೆಲರ್ ಅನ್ನುತ್ತಾರೆ. ಹುಡುಕುವಾಗ ಆ ಹೆಸರು ಬೇಕಾಗುತ್ತದೆ.

ಮರದ ಚಕ್ರದ ಮೇಲೆ ಒಂದು ಕಡೆ ಸೀಮೆಸುಣ್ಣದ ಗುರುತು ಹಾಕಿ, ಗೀರನ್ನು ಅಲ್ಲಿಗೆ ಸರಿಯಾಗಿ ಇಟ್ಟು, ಗಾಲಿಯನ್ನು ಹೊರ ಅಂಚಿನ ಮೇಲೆ ಒಂದು ಸುತ್ತು ಓಡಿಸುತ್ತಿದ್ದರು. ಗೀರು ಎಷ್ಟು ಸಲ ಬಂತು, ಕೊನೆಗೆ ಎಷ್ಟು ಉಳಿಯಿತು, ಅಷ್ಟೇ ಲೆಕ್ಕ. ಆಮೇಲೆ ಅದೇ ಗಾಲಿಯನ್ನು ಕಬ್ಬಿಣದ ಪಟ್ಟಿಯ ಮೇಲೂ ಓಡಿಸುವುದು. ಪಟ್ಟಿಯ ಬಳೆಯನ್ನು ಬೇಕೆಂದೇ ಚಕ್ರಕ್ಕಿಂತ ಸ್ವಲ್ಪ ಚಿಕ್ಕದಾಗಿ ಮಾಡುತ್ತಿದ್ದರು. ಬೆಂಕಿಯಲ್ಲಿ ಕಾಯಿಸಿದಾಗ ಅದು ಹಿಗ್ಗಿ ಚಕ್ರದ ಮೇಲೆ ಕೂರುತ್ತದೆ, ನೀರು ಹೊಯ್ದಾಗ ಕುಗ್ಗಿ ಬಿಗಿಯಾಗುತ್ತದೆ. 4 ಅಡಿ ವ್ಯಾಸದ ಚಕ್ರದ ಸುತ್ತಳತೆ ಸುಮಾರು 150 ಇಂಚು. ಅಷ್ಟು ಉದ್ದದ ಕಬ್ಬಿಣ 500 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಾದರೆ ಸುಮಾರು 1 ಇಂಚು ಬೆಳೆಯುತ್ತದೆ. ಆ ಒಂದು ಇಂಚಿನೊಳಗೇ ಎಲ್ಲ ಆಟ. ಸಡಿಲವಾದರೆ ಮರ ಒಣಗಿದಾಗ ಪಟ್ಟಿ ಕಳಚುತ್ತದೆ, ಅತಿ ಬಿಗಿಯಾದರೆ ಚಕ್ರವೇ ಸೊಟ್ಟಗಾಗುತ್ತದೆ.

ಹಾಗಾಗಿ ಅಂಕಿ ಇಲ್ಲ ಅಂತ ಬೇಜಾರಾಗಬೇಡಿ. ಅದು ಕೊರತೆ ಅಲ್ಲ. ಈ ಗಾಲಿಗೆ ಇಂಚು, ಅಡಿ ಗೊತ್ತಿರಬೇಕಾಗಿಲ್ಲ, ಎರಡು ಉದ್ದಗಳನ್ನು ಹೋಲಿಸಿದರೆ ಸಾಕು.

ಒಂದು ಪರೀಕ್ಷೆ ಮಾಡಿ. ಕಾಗದದ ಮೇಲೆ ಗೀರಿನಿಂದ ಗೀರಿಗೆ ಒಂದು ಸುತ್ತು ಉರುಳಿಸಿ ಅಳೆಯಿರಿ. ಸರಿಯಾಗಿ 24 ಇಂಚು ಬಂದರೆ, ಅಳತೆ ನೋಡಿಯೇ ಮಾಡಿದ್ದು, ಕಾರ್ಖಾನೆಯದ್ದೂ ಇರಬಹುದು. ಆದರೆ ಕಾರ್ಖಾನೆಯಲ್ಲಿ ಮಾಡಿದವುಗಳ ಮೇಲೆ ಸಾಮಾನ್ಯವಾಗಿ ಇಂಚಿನ ಗುರುತುಗಳಿರುತ್ತವೆ. ಅಡ್ಡಾದಿಡ್ಡಿ ಅಳತೆ ಬಂದರೆ ಯಾವನೋ ಕಮ್ಮಾರ ತನಗಾಗಿ ತಾನೇ ಬಡಿದು ಮಾಡಿಕೊಂಡದ್ದಿರಬೇಕು. ನನಗಂತೂ ಇವೇ ಹೆಚ್ಚು ಇಷ್ಟ.

ಬೆಲೆ ವಿಷಯ. ದೊಡ್ಡ ಆಸೆ ಇಟ್ಟುಕೊಳ್ಳಬೇಡಿ. ಗಾಡಿ ಕೆಲಸ ಇದ್ದ ಕಡೆಯಲ್ಲೆಲ್ಲ ಇಂಥವು ಇದ್ದವು, ಅಪರೂಪ ಏನಲ್ಲ. ಆದರೆ ತಯಾರಕರ ಮುದ್ರೆ, ಮಾಡಿದವನ ಹೆಸರಿನ ಅಕ್ಷರ, ಇಸವಿ, ಗಾಲಿಯ ನಡುವೆ ಚಿತ್ತಾರದಂತೆ ಕೊರೆದ ಕೆಲಸ ಇದ್ದರೆ ಸಂಗ್ರಹಕಾರರು ಜಾಸ್ತಿ ಕೊಡುತ್ತಾರೆ. ನಡುವಿನ ರಿವೆಟ್ ಹಳೆಯದೇನಾ ನೋಡಿ. ಅಲ್ಲಿ ಹೊಸ ಬೋಲ್ಟ್ ಇದ್ದರೆ ಬೆಲೆ ಇಳಿಯುತ್ತದೆ. ಜನ ಕೇಳುತ್ತಿರುವ ಬೆಲೆ ನೋಡಿ ಲೆಕ್ಕ ಹಾಕಬೇಡಿ. ಹರಾಜಿನಲ್ಲಿ ನಿಜವಾಗಿ ಮಾರಾಟವಾದ ಬೆಲೆಯನ್ನಷ್ಟೇ ನಂಬಿ.

ಮುಖ್ಯವಾಗಿ, ತಂತಿ ಬ್ರಷ್ ಮುಟ್ಟಬೇಡಿ. ನನ್ನ ಮೊದಲನೇ ಗಾಲಿಯನ್ನು ನಾನು ಫಳಫಳ ಹೊಳೆಯುವ ಹಾಗೆ ಉಜ್ಜಿದ್ದೆ. ಹಿಡಿಕೆಯ ಮೇಲೆ ಮಸುಕಾಗಿ ಎರಡು ಅಕ್ಷರ ಇದ್ದವು, ತುಕ್ಕಿನ ಜೊತೆ ಅವೂ ಹೋದವು. ಒಣ ಬಟ್ಟೆಯಲ್ಲಿ ಒರೆಸಿ, ಒಂದು ಹನಿ ಎಣ್ಣೆ ಹಚ್ಚಿದರೆ ಸಾಕು. ಆಮೇಲೆ ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಓರೆಯಾಗಿ ಹಿಡಿದು ಹಿಡಿಕೆಯ ಎರಡೂ ಬದಿ ನೋಡಿ. ಏನಾದರೂ ಅಕ್ಷರ ಕಂಡರೆ ಹತ್ತಿರದಿಂದ ಫೋಟೋ ತೆಗೆದು ಇಲ್ಲೇ ಹಾಕಿ, ನೋಡೋಣ.