ಜಿನಿಯಾ ಅಲ್ಲ, ಎಕಿನೇಷಿಯಾ ಇರಬೇಕು
ಚಿಕ್ಕಮಗಳೂರಿನ ನಿಮ್ಮ ಅಂಗಳದ ಗುಲಾಬಿ-ನೇರಳೆ ಹೂವು ಜಿನಿಯಾನಾ ಅಂತ ಕೇಳಿದ್ದೀರಿ. ನೀವು ಹೇಳಿದ ಹಾಗೆ ಎಸಳು ಕೆಳಗೆ ಜೋತುಬಿದ್ದು, ನಡುವಿನ ಭಾಗ ಕಿತ್ತಳೆ-ಕಂದು ಬಣ್ಣದಲ್ಲಿ ಉಬ್ಬಿ ಮುಳ್ಳುಮುಳ್ಳಾಗಿದ್ದರೆ ಅದು ಎಕಿನೇಷಿಯಾ, ಅಮೆರಿಕದ ಹುಲ್ಲುಗಾವಲಿನ ಗಿಡ, ಸೂರ್ಯಕಾಂತಿ ಕುಟುಂಬದ್ದು. ಖಾತ್ರಿಗೆ ಎಲೆ ನೋಡಿ. ಜಿನಿಯಾದ್ದು ಎದುರುಬದುರು ಜೋಡಿ, ತೊಟ್ಟಿಲ್ಲ. ಎಕಿನೇಷಿಯಾದ ಬುಡದ ಎಲೆಗೆ ಉದ್ದ ತೊಟ್ಟು, ಮುಟ್ಟಿದರೆ ಒರಟು.

ಇದು ವರ್ಷವರ್ಷವೂ ಚಿಗುರುತ್ತದೆ, ಹೂ ಮುಗಿಯಿತು ಅಂತ ಸುಮ್ನೆ ಕೀಳಬೇಡಿ. ಬಿಸಿಲು ಬೇಕು, ಸಿಲ್ವರ್ ಓಕ್ ನೆರಳಿಗೆ ಹಾಕಬೇಡಿ. ನಮ್ಮ ಕಡೆ ಕಷ್ಟ ಮಳೆಗಾಲದ್ದೇ ಅಲ್ವಾ, ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ, ಅದಕ್ಕೆ ಮರಳು ಬೆರೆಸಿ ಮಡಿ ಎತ್ತರಿಸಿ. ಗೊಬ್ಬರ ಜಾಸ್ತಿಯಾದರೆ ಕಾಂಡ ವಾಲುತ್ತದೆ. ಬೀಜವನ್ನು ಒದ್ದೆ ಮರಳಿನಲ್ಲಿ ಬೆರೆಸಿ 4 ವಾರ ಫ್ರಿಜ್ಜಿನಲ್ಲಿಟ್ಟು ಬಿತ್ತಿದರೆ ಚೆನ್ನಾಗಿ ಮೊಳೆಯುತ್ತದೆ, ಹೂವು ಸಾಮಾನ್ಯವಾಗಿ ಎರಡನೇ ವರ್ಷ.