ವಿಸಾಕ್ ಪರೀಕ್ಷೆಗೆ ಲೂಪ್‌ಬ್ಯಾಕ್ ಒಂದೇ ಸಾಕೇ?
ಸಾಲದು. ವಿಸಾಕ್ ಎಂದರೆ ವರ್ಚುವಲ್ ಮಷೀನ್ (ಗೆಸ್ಟ್) ಮತ್ತು ಅದನ್ನು ಓಡಿಸುವ ಯಂತ್ರ (ಹೋಸ್ಟ್) ಪರಸ್ಪರ ಮಾತಾಡಲು ಬಳಸುವ ಸಾಕೆಟ್; ಲೂಪ್‌ಬ್ಯಾಕ್ ಎಂದರೆ ಒಂದೇ ಯಂತ್ರ ತನ್ನೊಂದಿಗೇ ಮಾತಾಡುವುದು. ಪ್ರತಿ ಪ್ಯಾಚ್‌ಗೂ ವರ್ಚುವಲ್ ಮಷೀನ್ ಬೂಟ್ ಮಾಡುವಷ್ಟು ಸಮಯವಿಲ್ಲ, ಸಿಐನಲ್ಲಿ (ಪ್ರತಿ ಬದಲಾವಣೆಗೂ ತಾನಾಗಿ ಓಡುವ ಪರೀಕ್ಷಾ ವ್ಯವಸ್ಥೆ) ಲೂಪ್‌ಬ್ಯಾಕ್ ಮೇಲಷ್ಟೇ ವಿಸಾಕ್ ಪರೀಕ್ಷೆ ಓಡಿಸಬಹುದೇ ಎಂದು ಕೇಳಿದ್ದೀರಿ. ನಮ್ಮ ತಂಡವೂ ಇದೇ ಲೆಕ್ಕಾಚಾರದಿಂದ ಇದೇ ದಾರಿ ಹಿಡಿದಿತ್ತು.

ಲಿನಕ್ಸ್ 5.6ರಿಂದ ಸಿಐಡಿ (ವಿಸಾಕ್ ವಿಳಾಸ) 1ಕ್ಕೆ ಕನೆಕ್ಟ್ ಮಾಡಿದರೆ ಎರಡೂ ತುದಿಗಳು ಒಂದೇ ಕರ್ನಲ್‌ನಲ್ಲಿರುತ್ತವೆ. ಕ್ರೆಡಿಟ್ ಲೆಕ್ಕವೂ (ಎದುರು ತುದಿಯಲ್ಲಿ ಎಷ್ಟು ಜಾಗ ಉಳಿದಿದೆ ಎಂಬ ಲೆಕ್ಕ) ಸೇರಿದಂತೆ ವರ್ಟಿಯೊದ (ವರ್ಚುವಲ್ ಸಾಧನಗಳ ಮಾನದಂಡ) ಸಾಮಾನ್ಯ ಕೋಡ್ ಅಲ್ಲಿಯೂ ಓಡುವುದರಿಂದ ಎಲ್ಲವನ್ನೂ ಪರೀಕ್ಷಿಸಿದ್ದೇವೆಂದು ನಾವು ನಂಬಿದ್ದೆವು. ಆದರೆ ಲೂಪ್‌ಬ್ಯಾಕ್‌ನಲ್ಲಿ ಗೆಸ್ಟ್ ಮತ್ತು ಹೋಸ್ಟ್ ನಡುವೆ ಬಫರ್‌ಗಳನ್ನು ಸಾಗಿಸುವ ವರ್ಟ್‌ಕ್ಯೂ ಇಲ್ಲ, ಹೋಸ್ಟ್ ಕರ್ನಲ್‌ನಲ್ಲಿ ಆ ಕೆಲಸ ನೋಡಿಕೊಳ್ಳುವ ವಿಹೋಸ್ಟ್ ಕೂಡ ಇಲ್ಲ; ಪ್ಯಾಕೆಟ್ ಇಡಿಯಾಗಿ ಒಂದು ಸರದಿಗೆ ಸೇರಿ, ಇಡಿಯಾಗಿಯೇ ಹೊರಬರುತ್ತದೆ. ನಿಜವಾದ ಗೆಸ್ಟ್ ತಾನು ಸ್ವೀಕರಿಸಲು ಇಟ್ಟಿರುವ ಬಫರ್‌ಗಳು ಸುಮಾರು 4 ಕಿಲೋಬೈಟ್‌ನವು. ಆದ್ದರಿಂದ ಹೋಸ್ಟ್ ದೊಡ್ಡ ಪ್ಯಾಕೆಟ್ ಕಳುಹಿಸಿದಾಗ ವಿಹೋಸ್ಟ್ ಅದನ್ನು ತುಂಡರಿಸಬೇಕು, ಉಳಿದ ಭಾಗವನ್ನು ಮತ್ತೆ ಸರದಿಯ ಮುಂದಕ್ಕೆ ಹಾಕಬೇಕು, ಮತ್ತು ಸಂದೇಶಗಳ ಗಡಿ ಉಳಿಸುವ ಸೀಕ್‌ಪ್ಯಾಕೆಟ್ ಸಾಕೆಟ್ ಆಗಿದ್ದರೆ ಸಂದೇಶ ಮುಗಿಯಿತೆನ್ನುವ ಫ್ಲ್ಯಾಗನ್ನು ಮೊದಲ ತುಂಡುಗಳಿಂದ ತೆಗೆದು ಕೊನೆಯ ತುಂಡಿಗೆ ಮಾತ್ರ ಉಳಿಸಬೇಕು. ನಮ್ಮ ಬದಲಾವಣೆಯಲ್ಲಿ ಆ ಫ್ಲ್ಯಾಗ್ ತೆಗೆಯುವ ಸಾಲೇ ಬಿಟ್ಟುಹೋಗಿತ್ತು. ಹೋಸ್ಟ್ ಕಳುಹಿಸಿದ 10 ಕಿಲೋಬೈಟ್‌ನ ಒಂದು ಸಂದೇಶ ಗೆಸ್ಟ್‌ನಲ್ಲಿ ಮೂರು ಸಂದೇಶಗಳಾಗಿ ಬಂತು. ಬೈಟ್‌ಗಳ ಒಟ್ಟು ಲೆಕ್ಕ ಸರಿಯಿದ್ದುದರಿಂದ ಅಪ್ಲಿಕೇಶನ್‌ನವರು ತಮ್ಮ ಪಾರ್ಸರ್‌ನಲ್ಲೇ ದೋಷ ಹುಡುಕುತ್ತ ಬಹುಕಾಲ ಕಳೆದರು, ಸಿಐ ಮಾತ್ರ ಹಸಿರಾಗಿಯೇ ಇತ್ತು.

ನೋವಿನ ಸಂಗತಿಯೆಂದರೆ, ಇದನ್ನು ಹಿಡಿಯುವ ಪರೀಕ್ಷೆ ಕರ್ನಲ್ ಮೂಲದಲ್ಲೇ ಇತ್ತು. ಅಲ್ಲಿನ ವಿಸಾಕ್_ಟೆಸ್ಟ್ ಎಂಬ ಪರೀಕ್ಷಾ ಪ್ರೋಗ್ರಾಂನಲ್ಲಿರುವ ಸೀಕ್‌ಪ್ಯಾಕೆಟ್ ಸಂದೇಶಗಳ ಗಡಿ ಪರೀಕ್ಷೆಯಲ್ಲಿ ಕಳುಹಿಸುವವನು ಕ್ಲೈಂಟ್. ಕ್ಲೈಂಟನ್ನು ಹೋಸ್ಟ್‌ನಲ್ಲಿ, ಸರ್ವರನ್ನು ಗೆಸ್ಟ್‌ನಲ್ಲಿ ಓಡಿಸಿದ್ದರೆ ಸಾಕಿತ್ತು. ದಿಕ್ಕು ತಿರುಗಿಸಿದ್ದರೆ ಆ ತುಂಡರಿಸುವ ಕೋಡ್ ಓಡುತ್ತಲೇ ಇರಲಿಲ್ಲ, ಹಾಗಾಗಿ ಎರಡೂ ದಿಕ್ಕುಗಳಲ್ಲಿ ಓಡಿಸುವುದು ಕಡ್ಡಾಯವೆಂಬುದು ನನ್ನ ಖಚಿತ ಅಭಿಪ್ರಾಯ.

ವರ್ಚುವಲ್ ಮಷೀನ್ ನಿಧಾನವೆಂಬ ನಿಮ್ಮ ಆಧಾರವನ್ನೇ ನಾನು ಒಪ್ಪುವುದಿಲ್ಲ. ಕರ್ನಲ್ ಪರೀಕ್ಷೆಗೆ ವರ್ಚುವಲ್ ಮಷೀನ್ ಬೂಟ್ ಮಾಡುವ ವರ್ಟ್‌ಮಿ-ಎನ್‌ಜಿ ಎಂಬ ಸಾಧನ ಪ್ರತ್ಯೇಕ ಡಿಸ್ಕ್ ಇಮೇಜ್ ಕೇಳುವುದಿಲ್ಲ. ಹೋಸ್ಟ್‌ನ ಫೈಲ್ ಸಿಸ್ಟಮ್ ಬಳಸಿಯೇ ನೀವು ಈಗಷ್ಟೇ ಬಿಲ್ಡ್ ಮಾಡಿದ ಕರ್ನಲನ್ನು ಕೆಲವೇ ಸೆಕೆಂಡುಗಳಲ್ಲಿ ಬೂಟ್ ಮಾಡುತ್ತದೆ. 2025ರಲ್ಲಿ ಕರ್ನಲ್‌ನ ಸೆಲ್ಫ್‌ಟೆಸ್ಟ್‌ಗಳಿಗೆ ಸೇರಿದ ವಿಎಂಟೆಸ್ಟ್ ಸ್ಕ್ರಿಪ್ಟ್ ಇದನ್ನೇ ಬಳಸಿ, ಎರಡು ದಿಕ್ಕುಗಳನ್ನೂ ಗೆಸ್ಟ್‌ನೊಳಗಿನ ಲೂಪ್‌ಬ್ಯಾಕನ್ನೂ ಪರೀಕ್ಷಿಸುತ್ತದೆ. ಪರೀಕ್ಷೆ ಪಾಸಾದರೂ ಕರ್ನಲ್ ಲಾಗ್‌ನಲ್ಲಿ ಹೊಸ ಊಪ್ಸ್ (ಕರ್ನಲ್ ದೋಷದ ವರದಿ) ಅಥವಾ ಎಚ್ಚರಿಕೆ ಕಂಡರೆ ಅದನ್ನು ವೈಫಲ್ಯವೆಂದೇ ಪರಿಗಣಿಸುತ್ತದೆ. ಸ್ವಂತ ಸ್ಕ್ರಿಪ್ಟ್ ಬರೆಯುವ ಬದಲು ಅದನ್ನೇ ನಿಮ್ಮ ಸಿಐಗೆ ಜೋಡಿಸಿ. ಸಿಐ ಯಂತ್ರದಲ್ಲಿ ಕ್ಯೂಇಎಂಯು (ವರ್ಚುವಲ್ ಮಷೀನ್ ಓಡಿಸುವ ಪ್ರೋಗ್ರಾಂ) ಅಥವಾ ವರ್ಟ್‌ಮಿ-ಎನ್‌ಜಿ ಇಲ್ಲದಿದ್ದರೆ ಅದು 4 ಎಂಬ ಎಕ್ಸಿಟ್ ಕೋಡ್ ಕೊಟ್ಟು ಪರೀಕ್ಷೆಯನ್ನು ಸ್ಕಿಪ್ ಮಾಡುತ್ತದೆ. ಅದನ್ನು ನಿಮ್ಮ ಸಿಐ ಪಾಸ್ ಎಂದು ಎಣಿಸದಂತೆ ಮೊದಲ ದಿನವೇ ನೋಡಿಕೊಳ್ಳಿ.